ಐದು ವಾಟಿನ ಕಂಬಿ

ಕಂಬಿ ಇಳಿಸು ಅಂತ ಮೊದಲು ಹೇಳಿದವರು ಎದುರುಮನೆ ಅಕ್ಕ. ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಾಗ ಅವರ ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ ಇತ್ತು. ಟಿವಿ ಮುಂದಿನಿಂದ ಹಾಗೆಯೇ ಎದ್ದು ಬಂದಿದ್ದರು.

“ಏನಮ್ಮಣಿ, ದೇವರ ಮುಖದ ಮೇಲೆಲ್ಲ ಪಟ್ಟೆ ಪಟ್ಟೆ. ಒಳಗಿಂದ ಯಾರೋ ಮೂಗು ಹಿಡ್ಕೊಂಡು ಮಾತಾಡ್ತಾನೆ. ನಿನ್ನ ಕಂಬಿ ಇಳಿಸಿಬಿಡು.”

ಕಂಬಿ ಅಂದರೆ ನಮ್ಮ ತಾರಸಿಯಿಂದ ಹಿತ್ತಲ ನುಗ್ಗೆಮರದವರೆಗೆ ಎಳೆದಿದ್ದ ತಾಮ್ರದ ತಂತಿ. ಸಿರುಮುಗೈಯ ನೇಕಾರರ ಬೀದಿ ಅದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಯಮತ್ತೂರಿನಿಂದ ಬರುವ ಟಿವಿ ಚಿತ್ರ ನಮ್ಮಲ್ಲಿಗೆ ಮುಟ್ಟುವಾಗ ನೀರು ಬೆರೆಸಿದ ಹಾಲಿನಂತಿರುತ್ತಿತ್ತು. ಅದಕ್ಕೇ ಟಿವಿ ಇದ್ದ ಮನೆಯವರೆಲ್ಲ ಏರಿಯಲ್ಲಿಗೆ ಬೂಸ್ಟರ್ ಸಿಕ್ಕಿಸಿದ್ದರು. ಭಾನುವಾರದ ಪುರಾಣದ ಧಾರಾವಾಹಿ ಹಿಂದಿಯಲ್ಲಿ. ಬೀದಿಯಲ್ಲಿ ಯಾರಿಗೂ ಹಿಂದಿ ಬಾರದು, ಆದರೂ ಸ್ನಾನ ಮಾಡಿ ಬಂದು ಕೂರುತ್ತಿದ್ದರು.

ನಮ್ಮವರದು ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ. ಹ್ಯಾಮ್ ರೇಡಿಯೋ, ಅಂದರೆ ಮನೆಯಿಂದಲೇ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವ ಹುಚ್ಚು, ಮೊದಲು ಹತ್ತಿದ್ದು ಅವರಿಗೇ. ಲೈಸೆನ್ಸ್ ಪರೀಕ್ಷೆಗೆ ಇಬ್ಬರೂ ಕೂತೆವು, ಅವರು ಮೋರ್ಸ್ ಸಂಕೇತದಲ್ಲಿ ಫೇಲಾದರು, ನಾನು ಪಾಸಾದೆ. ಪಾಪ, ಬೇಜಾರು ಮಾಡಿಕೊಳ್ಳದೆ ಅಂಗಡಿಯಲ್ಲಿ ಉಳಿದ ತಂತಿಯನ್ನೇ ಏರಿಯಲ್ ಮಾಡಿ ಮೇಲೆ ಕಟ್ಟಿಕೊಟ್ಟರು. ಎವರ್‌ಸಿಲ್ವರ್ ಟಿಫನ್ ಡಬ್ಬಿಯೊಳಗೆ ಒಂದು ಪುಟ್ಟ ಸೆಟ್ಟನ್ನೂ ಮಾಡಿಕೊಟ್ಟರು. ಅದರ ಬಲ ಐದು ವಾಟ್. ದೇವರ ಮನೆಯ ಸೀರೋ ಬಲ್ಬಿಗೂ ಸಾಲದು. ಮಾತು ಕಳಿಸಲು ಅದಕ್ಕೆ ಆಗದು, ಕೀಲಿ ಒತ್ತಿ ಮೋರ್ಸ್ ಮಾತ್ರ. ಕಾನ್ವೆಂಟಿನಲ್ಲಿ ದನಿ ಏರಿಸಬೇಡ ಅಂತ ಕಲಿತು ಬೆಳೆದ ನನಗೆ ಅದು ಚೆನ್ನಾಗಿ ಒಗ್ಗಿತು. ಭಾನುವಾರ ಬೆಳಿಗ್ಗೆ ದಕ್ಷಿಣದ ಹ್ಯಾಮ್‌ಗಳೆಲ್ಲ ರೇಡಿಯೋದಲ್ಲೇ ಒಟ್ಟು ಸೇರುವ ಸಭೆ, ನೆಟ್ ಅನ್ನುತ್ತೇವೆ. ಬೆಂಗಳೂರಿನವರೊಬ್ಬರು ನಡೆಸುತ್ತಿದ್ದರು. ಎಲ್ಲರೂ ಬಾಯಲ್ಲಿ ಮಾತಾಡಿದರೆ ನಾನೊಬ್ಬಳು ಟಿಕ್ ಟಿಕ್ ಅಂತ ಹಾಜರಿ ಹಾಕುತ್ತಿದ್ದೆ.

ಅದನ್ನು ನಿಲ್ಲಿಸು ಅಂದರೆ ನಾನು ಯಾಕೆ ನಿಲ್ಲಿಸಬೇಕು?

ಮುಂದಿನ ಭಾನುವಾರ ಅಕ್ಕನನ್ನೂ ಬೀದಿಯ ನಾಲ್ಕೈದು ಮಂದಿಯನ್ನೂ ನಮ್ಮ ನಡುಮನೆಗೇ ಕರೆದು ಕೂರಿಸಿದೆ. ಟಿವಿ ಹಾಕಿದೆ. ಅವರ ಕಣ್ಣೆದುರಿಗೇ ಕೀಲಿ ಒತ್ತಿದೆ. ಚಿತ್ರ ಅಲುಗಲಿಲ್ಲ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಪಟ್ಟೆ ಬಂತು, ಮೂಗಿನ ಮಾತೂ ಬಂತು. ಆಗ ನನ್ನ ರಿಸೀವರಿನ ಸದ್ದು ಏರಿಸಿದೆ. ಅದೇ ಮಾತು, ಇಲ್ಲಿ ನಿಚ್ಚಳವಾಗಿತ್ತು. ಆ ದನಿ ಬಿಟ್ಟು ಬಿಟ್ಟು ಬಂದಂತೆ ಪಟ್ಟೆಯೂ ಬಿಟ್ಟು ಬಿಟ್ಟು ಬರುತ್ತಿತ್ತು. ಯಾರ ದನಿ ಅಂತ ಯಾರೂ ಕೇಳಲಿಲ್ಲ. ಬೀದಿಯ ಅರ್ಧ ಮಗ್ಗಗಳಿಗೆ ರೇಷ್ಮೆ ನೂಲು ಕೊಡುವ ಮುದಲಾಳಿಯ ದನಿ ಯಾರಿಗೆ ಗೊತ್ತಿಲ್ಲ? ಅವರೂ ಹ್ಯಾಮ್, ಹಿಂದಿನ ಬೀದಿಯ ಅವರ ಬಂಗಲೆಯಲ್ಲಿ ಸಿಗ್ನಲ್ ಜೋರು ಮಾಡುವ ನಾನೂರು ವಾಟಿನ ಆಂಪ್ಲಿಫೈಯರ್ ಇತ್ತು.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದರು.

“ಸರಿ, ತಿಳೀತು. ಆದ್ರೂ ನೀನು ಕಂಬಿ ಇಳಿಸಿಬಿಡು.”

“ಯಾಕಕ್ಕಾ? ನಂದಲ್ಲ ಅಂತ ನೋಡಿದ್ರಲ್ಲ.”

“ನೋಡ್ದೆ. ಅವರ ಹತ್ರ ಹೋಗಿ ಹೇಳೋರು ಯಾರು? ಹೇಳಿದ್ರೆ ನಾಳೆ ನೂಲು ಬರಲ್ಲ. ನೀನು ಕಂಬಿ ಇಳಿಸಿದ್ರೆ ನಿಂದಾ ಅವರದಾ ಅನ್ನೋ ಮಾತೇ ಏಳಲ್ಲ. ಬೀದಿ ಸುಮ್ನಿರತ್ತೆ.”

ಅವರು ಕೆಟ್ಟವರಲ್ಲ. ನನಗೆ ಹೆರಿಗೆಯಾದಾಗ ತಿಂಗಳುಗಟ್ಟಲೆ ಖಾರದ ಉಂಡೆ ಕಟ್ಟಿ ತಂದವರು. ಅದಕ್ಕೇ ಅವರ ಮಾತು ಇನ್ನಷ್ಟು ಚುಚ್ಚಿತು.

ಸುದ್ದಿ ಮುಟ್ಟಿತೋ ಏನೋ, ಆ ವಾರದಲ್ಲೇ ಮುದಲಾಳಿ ನಮ್ಮ ಮನೆಗೆ ಬಂದರು. ಬಿಳಿ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಜೋಡಿಸಿಟ್ಟು, ಕಾಫಿ ಲೋಟದ ಅಂಚನ್ನು ಕರ್ಚೀಫಿನಿಂದ ಒರೆಸಿ ಕುಡಿದರು. ಅವರ ತೋಟದ ಪಂಪಿನ ಮೋಟಾರುಗಳು ನಮ್ಮ ಅಂಗಡಿಗೇ ಬರುತ್ತಿದ್ದವು. ನಮ್ಮವರು ಕೈ ಕಟ್ಟಿ ನಿಂತಿದ್ದರು.

“ಅಮ್ಮಣಿ, ಜನ ಗೊಣಗ್ತಾರೆ. ಸ್ವಲ್ಪ ದಿನ ನೀನು ಸುಮ್ಮನಿರು. ಬೇಜಾರು ಬೇಡ. ಐದು ವಾಟು ಅಂದ್ರೆ ಸಂತೇಲಿ ಸೊಳ್ಳೆ ಹಾಡಿದ ಹಾಗೆ. ಯಾರಿಗೆ ಕೇಳ್ತಿತ್ತು ಹೇಳು?”

“ಅಣ್ಣಾ, ಬೆಂಗಳೂರಿಗೆ ಕೇಳುತ್ತೆ. ನಿಮಗೂ ಅಷ್ಟು ಜೋರು ಬೇಕಿಲ್ಲ. ಆಂಪ್ಲಿಫೈಯರ್ ಆಫ್ ಮಾಡಿ ಒಂದ್ಸಲ ನೋಡಿ.”

ಅವರು ನಕ್ಕು ನಮ್ಮವರ ಕಡೆ ತಿರುಗಿದರು. “ಓದಿದ ಹೆಣ್ಣನ್ನ ತಂದಿದೀಯಪ್ಪ.”

ಅವರು ಹೋದ ಮೇಲೆ ನಮ್ಮವರು ಏಣಿ ತಂದು ಗೋಡೆಗೆ ಒರಗಿಸಿದರು. “ಒಂದೆರಡು ತಿಂಗಳು ಅಷ್ಟೇ. ಆಮೇಲೆ ನಾನೇ ಕಟ್ಟಿಕೊಡ್ತೀನಿ.”

“ಬೇಡ,” ಅಂದೆ. “ಇಳಿಸಿದ್ರೆ ತಪ್ಪು ನಂದೇ ಅಂತ ಆಗುತ್ತೆ. ನಾಚಿಕೆಯಿಂದ ಇಳಿಸಿದ ಕಂಬಿಯನ್ನ ಮತ್ತೆ ಕಟ್ಟೋಕೆ ಬೀದಿ ಬಿಡಲ್ಲ.”

ಅವರು ಏಣಿಯನ್ನು ಮತ್ತೆ ಹಿತ್ತಲಿಗೆ ಒಯ್ದರು.

ಆ ಭಾನುವಾರ ನೆಟ್ ಶುರುವಾಯಿತು. ನನ್ನ ಕರೆಗುರುತು, ಅಂದರೆ ಲೈಸೆನ್ಸಿನಲ್ಲಿ ಕೊಟ್ಟ ಹೆಸರು, ಕಳಿಸಿದೆ. ಮುದಲಾಳಿಯ ಮಾತಿನ ಕೆಳಗೆ ಅದು ಮುಳುಗಿತು. ಮತ್ತೆ ಕಳಿಸಿದೆ, ಮತ್ತೆ ಮುಳುಗಿತು. ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಇನ್ನೊಮ್ಮೆ ಕಳಿಸಿದೆ. ಬೆಂಗಳೂರಿನವರು ಇಂಗ್ಲಿಷಿನಲ್ಲಿ ಅಂದರು, “ಎಲ್ಲರೂ ದಯವಿಟ್ಟು ತಡೆಯಿರಿ. ಕೆಳಗೆ ಒಂದು ಸಣ್ಣ ಸ್ಟೇಷನ್ ಕರೆಯುತ್ತಿದೆ.”

ಎಲ್ಲರೂ ತಡೆದರು. ಮುದಲಾಳಿಯೂ ತಡೆಯಲೇಬೇಕಾಯಿತು. ಅಷ್ಟು ದೊಡ್ಡ ಮೌನವನ್ನು ನನಗಾಗಿ ಯಾರೂ ಹಿಂದೆ ಮಾಡಿಕೊಟ್ಟಿರಲಿಲ್ಲ.

ನಿಧಾನವಾಗಿ, ಒಂದೂ ಅಕ್ಷರ ತಪ್ಪದಂತೆ ಕಳಿಸಿದೆ. ನಮ್ಮೂರಿನ ಹಿರಿಯ ಸ್ಟೇಷನ್ನಿಗೆ ಅಂತ ಅವರ ಕರೆಗುರುತು ಹೇಳಿ, ನಿಮ್ಮ ಸಿಗ್ನಲ್ ನಮ್ಮ ಬೀದಿಯ ಟಿವಿಗಳಲ್ಲಿ ಬರುತ್ತಿದೆ, ದಯವಿಟ್ಟು ಪವರ್ ಇಳಿಸಿ, ಅಂದೆ. ದಯವಿಟ್ಟು ಅನ್ನುವುದನ್ನು ಬಿಡಲಿಲ್ಲ. ಬೆಂಗಳೂರಿನವರು ಅದನ್ನು ಬರೆದುಕೊಂಡು, ಮೋರ್ಸ್ ಬಾರದವರಿಗೂ ತಿಳಿಯಲಿ ಅಂತ ಗಟ್ಟಿಯಾಗಿ ಓದಿಬಿಟ್ಟರು. ಓದಿ, ಸಹಜವಾಗಿ, “ಸಾರ್, ಆಂಪ್ಲಿಫೈಯರ್ ಇಲ್ಲದೆ ಒಮ್ಮೆ ಮಾತಾಡಿ, ಕೇಳೋಣ,” ಅಂದರು.

ಆಮೇಲೆ ಮುದಲಾಳಿಯ ದನಿ, ಸಾಮಾನ್ಯ ಮನುಷ್ಯರ ದನಿಯಾಗಿ ಬಂತು. “ಈಗ ಹೇಗಿದೆ?”

“ಚೆನ್ನಾಗೇ ಇದೆ ಸಾರ್. ಹೀಗೇ ಇಟ್ಟುಕೊಳ್ಳಿ.”

ನಮ್ಮವರು ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಇನ್ನು ಅವರ ಮೋಟಾರೆಲ್ಲ ಮೇಟ್ಟುಪಾಳಯದ ಅಂಗಡಿಗೆ ಹೋಗುತ್ತೆ,” ಅಂದರು. ಹಾಗೆಯೇ ಆಯಿತು. ಅದಕ್ಕಾಗಿ ನನ್ನನ್ನು ನಮ್ಮವರು ಒಂದು ದಿನವೂ ದೂರಲಿಲ್ಲ.

ಅವತ್ತು ಧಾರಾವಾಹಿ ಮುಗಿಯುತ್ತಲೇ ಅಕ್ಕ ಬಂದರು. “ಇವತ್ತು ದೇವರು ಪಳಪಳ ಅಂತಿದ್ದ. ಕಂಬಿ ಇಳಿಸಿದ್ದು ಒಳ್ಳೇದಾಯ್ತು ಅಮ್ಮಣಿ.” ಪಟ್ಟೆ ಯಾರಿಂದ ಅಂತ ಗೊತ್ತಿದ್ದೂ ಹಾಗೆ ಅಂದರು. ಬೀದಿಗೆ ಹೇಳಿಕೊಳ್ಳಲು ಅದೇ ಸುಲಭ.

ನಾನು ಅವರ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದೆ. ಕಂಬಿ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಅವರು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಹಂಗಾದ್ರೆ ಅವರಿಗೆ ಹೇಳಿದ್ದು ಯಾರು?”

“ನಾನೇ ಅಕ್ಕಾ,” ಅಂದೆ. “ಬೀದಿಯಲ್ಲಿ ಯಾರು ಕೇಳಿದ್ರೂ ಹಾಗೇ ಹೇಳಿ.”