ಕಿವಿ ಬೆಳ್ಳಗಾದ ವರ್ಷ

ಆಗೆಲ್ಲ ನಮ್ಮ ಅಜ್ಜಂಪುರದಲ್ಲಿ ಮಕ್ಕಳ ವಯಸ್ಸನ್ನು ಯಾರೂ ಕಾಗದದಲ್ಲಿ ಹುಡುಕುತ್ತಿರಲಿಲ್ಲ, ಕಿವಿಯಲ್ಲಿ ನೋಡುತ್ತಿದ್ದರು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತು, ಮುಟ್ಟದಿದ್ದರೆ ಇನ್ನೊಂದು ವರ್ಷ ಮನೆಯಲ್ಲೇ ಮುದ್ದೆ ಉಂಡುಕೊಂಡಿರಬೇಕು. ದೊಡ್ಡ ಶಾಲೆಯ ಈ ಪರೀಕ್ಷೆಯನ್ನು ನಮ್ಮ ಬೀದಿಯ ಶಿಶುವಿಹಾರದ ಮಿಸ್ಸೂ ಬಿಟ್ಟಿರಲಿಲ್ಲ. ಇದನ್ನು ಓದುವವರಲ್ಲಿ ಹೀಗೆ ಕಿವಿ ಮುಟ್ಟಿಯೇ ಅಕ್ಷರ ಕಲಿತವರು ಬೇಕಾದಷ್ಟು ಜನ ಇದ್ದೀರಿ ಎಂದು ನನಗೆ ಗೊತ್ತು.

ನಮ್ಮದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಭಾಗದಲ್ಲಿ ಗಿರಣಿ, ಹಿಂದೆ ನಾವು. ಆಗಷ್ಟೇ ಬೀಸಿದ ಬಿಸಿ ರಾಗಿ ಹಿಟ್ಟಿನ ವಾಸನೆಗೇ ನನಗೆ ಬೆಳಗಾಗುತ್ತಿತ್ತು. ಖಾರದ ಪುಡಿ ಮಾಡುವ ದಿನ ಇಡೀ ಬೀದಿ ಸೀನುತ್ತಿತ್ತು, ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದ ನಾವು ಒಂಟಿಕಾಲಲ್ಲೇ ಸೀನಿ ಬಿದ್ದು ಔಟಾಗುತ್ತಿದ್ದೆವು. ಅಪ್ಪಾಜಿಯ ಹುಬ್ಬು, ಮೀಸೆ ಯಾವಾಗಲೂ ಬೆಳ್ಳಗೇ. ಸ್ನಾನ ಮಾಡಿ ಬಂದರೆ ಯಾರೋ ಹೊಸಬರು ಬಂದ ಹಾಗೆ ಕಾಣುತ್ತಿತ್ತು.

ನನ್ನನ್ನು ಶಿಶುವಿಹಾರಕ್ಕೆ ಸೇರಿಸುವ ವಿಚಾರದಲ್ಲಿ ಅಮ್ಮನದು ಒಂದೇ ಹಟ: ಈ ವರ್ಷವೇ ಆಗಬೇಕು. ಅದಕ್ಕೆ ಕಾರಣವಿತ್ತು. ಅಮ್ಮನ ತವರು ಪಂಚನಹಳ್ಳಿ. ಅಲ್ಲಿ ತಮ್ಮ ತಂಗಿಯರನ್ನು ಎತ್ತಿ ಆಡಿಸಲು ಅವಳು ಬೇಕಿತ್ತು. ಪ್ರತಿ ವರ್ಷ ಶಾಲೆ ಶುರುವಾಗುವಾಗ ಮನೆಯವರು “ಬರೋ ವರ್ಷ ಸೇರಿಸಿದ್ರಾಯ್ತು ಬಿಡು” ಅನ್ನುತ್ತಿದ್ದರಂತೆ. ಆ ಬರೋ ವರ್ಷ ಬರಲೇ ಇಲ್ಲ. ಆ ಕತೆಯನ್ನು ಅಮ್ಮ ಅತ್ತುಕೊಂಡು ಹೇಳಿದವಳಲ್ಲ, ರಾಗಿ ಕೇರುತ್ತಾ ಹೇಳಿ ಮುಗಿಸಿ, “ಎಲ್ಲಿ, ಕೈ ಎತ್ತು” ಅನ್ನುತ್ತಿದ್ದಳು.

ಆ ಬೇಸಿಗೆಯಿಡೀ ಗಿರಣಿ ಶುರುವಾಗುವ ಮುಂಚೆ ನನಗೆ ಕಿವಿ ಮುಟ್ಟುವ ಅಭ್ಯಾಸ.

“ಮುಟ್ತು!” ಎಂದು ನಾನು ಕೂಗುತ್ತಿದ್ದೆ.

“ಎಲ್ಲೇ ಮುಟ್ತು? ಕೂದ್ಲು ಮುಟ್ಟಿದೀಯ ಅಷ್ಟೆ.”

“ಇಲ್ಲಮ್ಮ, ಮುಟ್ತು!”

ಒಂದು ದಿನ ಅಪ್ಪಾಜಿ ನಡುವೆ ಬಂದರು. “ಜಗಳ ಯಾಕೆ? ಕೊಡು ಕೈನ ಇಲ್ಲಿ” ಎಂದು ನನ್ನ ಬೆರಳ ತುದಿಗಳನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿದರು. “ಕಿವಿ ಬೆಳ್ಳಗಾದ್ರೆ ಮುಟ್ಟಿದಂಗೆ. ಆಗ್ಲಿಲ್ಲಾಂದ್ರೆ ಸುಳ್ಳು ಹೇಳ್ದಂಗೆ.” ಆಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ಕೆನ್ನೆ ಬೆಳ್ಳಗಾಗುತ್ತಿತ್ತು, ಕೂದಲು ಬೆಳ್ಳಗಾಗುತ್ತಿತ್ತು, ಹಾಳು ಕಿವಿ ಮಾತ್ರ ಕಪ್ಪಗೇ ಇರುತ್ತಿತ್ತು.

ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕಿವಿ ಬೆಳ್ಳಗಾಯಿತು. ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ಆ ದಿನ ನನ್ನ ಮುಖ ತೊಳೆಯಲು ಬಿಡಲಿಲ್ಲ. ಹಿಟ್ಟು ಹಾಕಿಸಲು ಬಂದವರ ಮುಂದೆಲ್ಲ ನನ್ನನ್ನು ತಂದು ನಿಲ್ಲಿಸಿ, “ಕಿವಿ ನೋಡ್ರೀ ನಮ್ ಕೋಮಲಂದು” ಅನ್ನುವಳು. ಅವರೂ ಚೀಲ ಕೆಳಗಿಟ್ಟು, ಬಗ್ಗಿ, ನನ್ನ ಕಿವಿಯನ್ನು ನೋಡಿ, “ಅಯ್ಯೋ ಹೌದಲ್ಲೇ! ಇನ್ನೇನವ್ವ, ನೀನು ಶಾಲೆ ಹುಡುಗಿ” ಎಂದು ಮೆಚ್ಚಿಕೊಂಡು ಹೋದರು.

ಸೇರುವ ದಿನ ಬಂತು. ಆ ಹಿಗ್ಗು ಅಮ್ಮನ ತಲೆಗೇರಿತ್ತು, ಅಲ್ಲಿಂದ ನನ್ನ ತಲೆಗೂ ಏರಿತು. ನನ್ನ ಮೋಟು ಜಡೆಗೆ ಚೌರಿ ಸೇರಿಸಿ, ಉದ್ದಕ್ಕೂ ಮೊಗ್ಗು ಹೊಲಿದು, ನೆತ್ತಿಯ ಮೇಲೆ ಕನಕಾಂಬರದ ದಪ್ಪ ದಿಂಡು ಕಟ್ಟಿದಳು. ಕತ್ತು ತಿರುಗಿಸಲೂ ಆಗುತ್ತಿರಲಿಲ್ಲ.

ಅಪ್ಪಾಜಿ ಗಿರಣಿ ನಿಲ್ಲಿಸಿ ಬಂದು ನೋಡಿದರು. “ಲೇ, ಮಗೀನ ಶಾಲೆಗೆ ಕಳಿಸ್ತಿದೀಯೋ, ಧಾರೆ ಎರೀತಿದೀಯೋ?”

“ಸುಮ್ನಿರಿ. ನನ್ ಮಗಳು ಶಾಲೆಗೆ ಸೇರೋದು ಒಂದೇ ಸಲ.”

ಶಿಶುವಿಹಾರದ ಜಗಲಿಯಲ್ಲಿ ಮಕ್ಕಳ ಅಳು, ಅಮ್ಮಂದಿರ ಸಮಾಧಾನ. ಮಿಸ್ ನನ್ನ ಹೆಸರು ಕೇಳಿದರು, ಹೇಳಿದೆ. “ಎಲ್ಲಿ ಮರಿ, ಕಿವಿ ಮುಟ್ಟು” ಅಂದರು. ಕೈ ಎತ್ತಿದೆ. ಕೈ ಕನಕಾಂಬರದ ದಿಂಡು ಹತ್ತಿ ಅಲ್ಲೇ ನಿಂತಿತು. ಎಳೆದೆ, ಜಗ್ಗಿದೆ, ತುದಿಗಾಲಲ್ಲಿ ನಿಂತೆ. ತುದಿಗಾಲಲ್ಲಿ ನಿಂತರೆ ತಲೆಯೂ ಜೊತೆಗೇ ಮೇಲೆ ಹೋಗುತ್ತದೆಂದು ಆಗ ಗೊತ್ತಿರಲಿಲ್ಲ. ನಾಲ್ಕು ಹೂವು ಉದುರಿದವು, ಕಿವಿ ಸಿಗಲಿಲ್ಲ.

ಮಿಸ್ ಒಳ್ಳೆಯವರೇ. ನನ್ನ ಗಲ್ಲ ಹಿಡಿದು, “ಇನ್ನೂ ಸ್ವಲ್ಪ ಬೆಳೀಲಿ ಕಣ್ರೀ. ಬರೋ ವರ್ಷ ಕರ್ಕೊಂಡ್ ಬನ್ನಿ” ಎಂದರು.

ಅಮ್ಮನ ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ ಅಷ್ಟೆ. “ಬರೋ ವರ್ಷ ಅನ್ಬೇಡಿ ಮಿಸ್. ಒಂಚೂರು ನಿಂತ್ಕೊಳ್ಳಿ” ಎಂದವಳೇ ಜಗಲಿಯ ಮೇಲೆ ಕುಕ್ಕರಿಸಿ, ನನ್ನನ್ನು ಮಂಡಿಗಳ ನಡುವೆ ಹಿಡಿದುಕೊಂಡಳು. ಹೇರ್‌ಪಿನ್ನುಗಳನ್ನು ಕಿತ್ತು ಹಲ್ಲಲ್ಲಿ ಕಚ್ಚಿಕೊಂಡಳು. ದಿಂಡು ಬಂತು, ಮೊಗ್ಗು ಬಂತು, ಚೌರಿ ಬಂತು. ಗಂಟೆಗಟ್ಟಲೆ ಕೂತು ಮಾಡಿದ ಅಲಂಕಾರವೆಲ್ಲ ಅವಳ ಮಡಿಲಲ್ಲಿ ರಾಶಿಯಾಯಿತು. ಉಳಿದ ಅಮ್ಮಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಮ್ಮ ಯಾರನ್ನೂ ನೋಡಲಿಲ್ಲ. ಆಗಷ್ಟೇ ಹಾಸಿಗೆಯಿಂದ ಎದ್ದು ಬಂದವಳ ಹಾಗೆ ಕೆದರಿದ ತಲೆಯ ನನ್ನನ್ನು ಮಿಸ್ ಮುಂದೆ ನಿಲ್ಲಿಸಿದಳು.

“ಈಗ ಮುಟ್ಟವ್ವ.”

ಮುಟ್ಟಿದೆ. ಬರೀ ಮುಟ್ಟಲಿಲ್ಲ, ಕಿವಿಯನ್ನು ಹಿಡಿದುಕೊಂಡೇಬಿಟ್ಟೆ.

“ಆಯ್ತು ಬಿಡೇ, ಕಿತ್ಗೊಂಡ್ ಬಂದೀತು!” ಎಂದು ಮಿಸ್ ನಕ್ಕರು. ಅಮ್ಮ ಕನಕಾಂಬರದ ದಿಂಡನ್ನು ಅವರ ಕೈಗಿಟ್ಟು, “ನೀವು ಮುಡ್ಕೊಳ್ಳಿ ಮಿಸ್” ಎಂದಳು. ಆಮೇಲೆ ಚೌರಿಯನ್ನು ಕೈಯಲ್ಲಿ ಬೀಸಿಕೊಂಡು, ಬೀದಿಯ ನಟ್ಟನಡುವೆ ತಲೆ ಎತ್ತಿ ನಡೆದು ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ದಿನ ಗಿರಣಿಗಿಂತ ನಿಮ್ಮಮ್ಮನ ಸದ್ದೇ ಜಾಸ್ತಿಯಿತ್ತು ಎಂದು ಅಪ್ಪಾಜಿ ಈಗಲೂ ಹೇಳುತ್ತಾರೆ.

ಈಗ ನಾನಿರುವುದು ಕಡೂರಿನಲ್ಲಿ. ಮಗಳು ಇಂಚರ ಈ ಜೂನಿಗೆ ಎಲ್‌ಕೆಜಿ. ಅವಳ ವಯಸ್ಸನ್ನು ಕಂಪ್ಯೂಟರೇ ಲೆಕ್ಕ ಹಾಕಿ ಒಪ್ಪಿಕೊಂಡಿತು, ಮಗುವನ್ನು ಯಾರೂ ಮುಟ್ಟಿ ನೋಡಲಿಲ್ಲ. ಹೊಸ ಯೂನಿಫಾರ್ಮ್ ಹಾಕಿಸಿ, ಅವಳಿಗಿಂತ ದೊಡ್ಡದಾದ ಬ್ಯಾಗು ಹೊರಿಸಿ, ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿದೆ. ಹೆಬ್ಬೆಟ್ಟುಗಳು ಬಂದವು. ಹಿಗ್ಗಿನಲ್ಲಿ ನಾನು ಅಮ್ಮನಿಗೆ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ. ಆದರೆ ಚೀಲ ಕೆಳಗಿಟ್ಟು ಬಗ್ಗಿ ನೋಡುವ ಆ ಬೀದಿ ನನ್ನ ಮಗಳಿಗಿಲ್ಲ. ಗಿರಣಿಯನ್ನೂ ಅಪ್ಪಾಜಿ ತರೀಕೆರೆಯವರೊಬ್ಬರಿಗೆ ಮಾರಿಯಾಯಿತು.

ಮೊನ್ನೆ ಅಮ್ಮ ಬಂದಿದ್ದಳು. ಅಡುಗೆಮನೆಯಲ್ಲಿ ಅಕ್ಕಿ ಹಿಟ್ಟಿನ ಡಬ್ಬಿ ತೆಗೆದು ಇಂಚರಳ ಬೆರಳು ಅದ್ದಿಸಿದಳು. ಕೆನ್ನೆ ಬೆಳ್ಳಗಾಯಿತು, ಕೂದಲು ಬೆಳ್ಳಗಾಯಿತು, ಕಿವಿ ಸಿಗಲಿಲ್ಲ.

“ಇವಳಿಗಿನ್ನೂ ವಯಸ್ಸೇ ಆಗಿಲ್ಲವಲ್ಲೇ!” ಎಂದಳು ಅಮ್ಮ. ಮನೆಯಲ್ಲೇ ಮುದ್ದೆ ಉಂಡುಕೊಂಡು, ಸೀನಿ ಬೀಳುವ ಆ ಒಂದು ವರ್ಷವನ್ನು ನಾವು ಮಕ್ಕಳಿಂದ ಯಾವಾಗ ಕಿತ್ತುಕೊಂಡೆವೋ.

ಇಂಚರ ಬಿಡಲಿಲ್ಲ. “ಅಜ್ಜಿ, ನೀನು ಮುಟ್ಟು ನೋಡೋಣ.”

ಅಮ್ಮ ನಗುತ್ತಾ ಬೆರಳು ಅದ್ದಿದಳು. ನರೆತ ಕೂದಲಿನ ಮೇಲಿಂದ ಕೈ ಹಾಯಿಸಿ ಕಿವಿ ಮುಟ್ಟಿದಳು. ಮೊಮ್ಮಗಳು ಬಗ್ಗಿ ನೋಡಿ, “ಬೆಳ್ಳಗಾಯ್ತು! ಅಜ್ಜಿ, ನೀನು ಶಾಲೆಗೆ ಸೇರಬಹುದು” ಎಂದು ಚಪ್ಪಾಳೆ ತಟ್ಟಿದಳು.

“ನನ್ ಕೈ ಯಾವಾಗ್ಲೋ ಮುಟ್ತಿತ್ತು ಕಣವ್ವ. ಮುಟ್ಟು ಅಂತ ಕೇಳಿದೋಳು ನೀನೇ ಮೊದಲು.”

ಅಮ್ಮ ಅವತ್ತು ಸಂಜೆಯವರೆಗೂ ಕಿವಿ ತೊಳೆದುಕೊಳ್ಳಲಿಲ್ಲ.