ಅವ್ವನ ಮಾಳಿಗೆಯ ಬಿರುಕು

ಪಾಮನಕಲ್ಲೂರಿನ ನಮ್ಮ ಓಣಿಯಲ್ಲಿ ಮಳೆಗೆ ಸೋರದ ಮಣ್ಣಿನ ಮಾಳಿಗೆ ಯಾರದೆಂದು ಕೇಳಿದರೆ ಎಲ್ಲರೂ ನಮ್ಮ ಮನೆಯನ್ನೇ ತೋರಿಸುತ್ತಿದ್ದರು. ಇದನ್ನು ಜಂಬ ಅನ್ನುವವರು ಅನ್ನಲಿ. ಪ್ರತಿ ವರ್ಷ ಮಳೆಗೆ ಮುಂಚೆ ಅವ್ವ ದೂರದ ಹಳ್ಳದಿಂದ ನೀರು ಇಳಿಯಗೊಡದ ಸವುಳು ಮಣ್ಣು ಹೊತ್ತು ತಂದು ಮಾಳಿಗೆಗೆ ಹಾಕುತ್ತಿದ್ದಳು. ಮನೆಯ ಹಿಂದೆಯೇ ಎರೆ ಹೊಲವಿದ್ದರೂ ಆ ಕರಿ ಮಣ್ಣನ್ನು ಒಂದು ಹಿಡಿಯೂ ಮೇಲೇರಿಸುತ್ತಿರಲಿಲ್ಲ.

ಎಂಬತ್ತರ ದಶಕದ ಒಂದು ವರ್ಷ ಅವ್ವ ಎರಡನೇ ಬೆಳೆಯ ಭತ್ತದ ನಾಟಿಗೆಂದು ಕಾಲುವೆ ನೀರಿನ ತುರ್ವಿಹಾಳಕ್ಕೆ ಹೋದಳು. ನಾನಾಗ ಹೈಸ್ಕೂಲು ಹುಡುಗಿ. ಅವಳು ಬರುವುದರೊಳಗೆ ಮಾಳಿಗೆ ಕೆಲಸ ಮುಗಿಸಿ ಶಭಾಷ್ ಅನ್ನಿಸಿಕೊಳ್ಳುವ ಹುಮ್ಮಸ್ಸು ಬಂತು. ಹಳ್ಳದವರೆಗೆ ಹೋಗಲು ಸೋಮಾರಿತನವಾಗಿ ಎರೆ ಮಣ್ಣನ್ನೇ ತಂದು, ತುಳಿದು, ಮಾಳಿಗೆಗೆ ಮೆತ್ತಿದೆ. ಹಸಿ ಇದ್ದಾಗ ಕನ್ನಡಿಯಂತೆ ಹೊಳೆಯಿತು. ವಾರ ಕಳೆಯುವಷ್ಟರಲ್ಲಿ ಮಾಳಿಗೆಯೆಲ್ಲ ಐದು ಮೂಲೆ, ಆರು ಮೂಲೆಯ ಬಿಲ್ಲೆ ಬಿಲ್ಲೆಯಾಗಿ ಸೀಳಿತ್ತು.

ಅವ್ವ ಬಂದು ಮಾಳಿಗೆ ಹತ್ತಿದಾಗ ನಾನು ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ನೋಡಿದೆ.

"ಮಗ್ಗಲು ಮನಿಯವರು ಒನಕಿಲೆ ಕುಟ್ಟಿದ್ರಬೇ. ಗ್ವಾಡಿ ಅದುರಿ ಸೀಳೈತಿ."

ಅವ್ವ ಒಂದು ಬಿರುಕಿಗೆ ಕಸಬರಿಗೆ ಕಡ್ಡಿ ಇಳಿಸಿ ಆಳ ನೋಡಿದಳು. "ಗ್ವಾಡಿ ಅದುರಿ ಎಳದಿದ್ರ ಒಂದ ದಿಕ್ಕಿಗೆ ಸೀಳತಿತ್ತು. ಇದು ಎಲ್ಲಾ ದಿಕ್ಕಿಗೂ ಸೀಳೈತಿ ನೋಡು. ಯಾರೂ ಎಳದಿಲ್ಲ. ಒಳಗಿನ ನೀರು ಹೋಗ್ಯಾವ, ಎರಿ ತನ್ನಷ್ಟಕ್ಕ ತಾನ ಕುಗ್ಗೈತಿ."

ಆಮೇಲೆ ಇಬ್ಬರೂ ಸೇರಿ ಅಷ್ಟನ್ನೂ ಕೆರೆದು ಕೆಳಗೆ ಹಾಕಿದೆವು. ಕೆರೆಯುತ್ತಲೇ ಅವಳು ಕಾಲುವೆ ನೀರಿನ ಊರಿನ ಸುದ್ದಿ ಹೇಳಿದಳು. "ಅಲ್ಲಿ ಹೊಲ ರಾಡಿ ಮಾಡಿ ಹಂಗ ಬಿಡತಾರ. ರಾಡಿ ತನ್ನ ಭಾರಕ್ಕ ತಾನ ಕೆಳಗ ಕುಂದರತೈತಿ, ನೀರು ಮ್ಯಾಲ ಬರತಾವ. ಆಮ್ಯಾಲ ನಾಟಿ."

ತೊಂಬತ್ತರ ದಶಕದಲ್ಲಿ ನಾನು ಭೂವಿಜ್ಞಾನದ ಎಂ.ಎಸ್ಸಿ.ಗೆ ಸೇರಿದೆ. "ನನ್ನ ಮಗಳು ಕಲ್ಲು ಓದಾಕತ್ಯಾಳ" ಎಂದು ಅವ್ವ ಮಸ್ಕಿಯ ಸಂತೆಯವರೆಗೂ ಸಾರಿ ಬಂದಿದ್ದಳು. ಇತ್ತ ನಾನು ಮೊದಲ ಸೆಮಿನಾರಿನಲ್ಲಿ ತೊದಲಿ ಕೂತಿದ್ದೆ. ಎರಡನೆಯದೂ ಕೆಟ್ಟರೆ ತಮ್ಮ ಕೈಕೆಳಗೆ ಪ್ರಾಜೆಕ್ಟ್ ಕೊಡುವುದಿಲ್ಲ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಅವ್ವನಿಗೆ ಹೇಗೆ ಮುಖ ತೋರಿಸಲಿ ಎಂಬುದೇ ನನ್ನ ಭಯ.

ಎರಡನೇ ಸೆಮಿನಾರಿನ ದಿನ ಮೇಷ್ಟ್ರು ಒಂದು ನಕ್ಷೆ ಹಾಸಿದರು. ಕಡಲ ತಳದ ಕೆಳಗೆ ಹೂತುಹೋದ ಶೇಲ್ ಎಂಬ ಜೇಡಿಗಲ್ಲಿನ ನಕ್ಷೆ. ಕಲ್ಲು ಸೀಳಿ ಜಾರಿದ ಗೆರೆಗಳು ಅದರ ತುಂಬ ಐದು ಮೂಲೆ, ಆರು ಮೂಲೆಯ ಬಿಲ್ಲೆಗಳನ್ನು ಬರೆದಿದ್ದವು. ಇದು ನಮ್ಮ ಮಾಳಿಗೆ.

ಇದು ಹೀಗೇಕೆ ಸೀಳಿತು ಎಂಬ ಮೇಷ್ಟ್ರ ಪ್ರಶ್ನೆಗೆ ಭೂಕಂಪ, ಭೂಮಿಯ ಎಳೆತ ಎಂದು ಉಳಿದವರು ಹೇಳಿ ಮುಗಿಸಿದ ಮೇಲೆ ನಾನು ಎದ್ದೆ. ಎಳೆದಿದ್ದರೆ ಒಂದೇ ದಿಕ್ಕಿಗೆ ಸೀಳಬೇಕಿತ್ತು, ಇದು ನೀರು ಬಿಟ್ಟು ತಾನೇ ಕುಗ್ಗಿದ ಕೆಸರು ಎಂದೆ.

"ಕಡಲ ಕೆಳಗೆ ಬಿಸಿಲು ಎಲ್ಲಿಂದ ಬಂತಮ್ಮ?" ಎಂದರು ಮೇಷ್ಟ್ರು.

ಹುಡುಗರು ನಕ್ಕರು. ನನಗೆ ಸಿಟ್ಟು ಬಂತು, ಆ ಸಿಟ್ಟೇ ನನ್ನನ್ನು ಕಾಪಾಡಿತು. "ಬಿಸಿಲು ಬೇಕಿಲ್ಲ ಸರ್. ಗದ್ದೆಯ ರಾಡಿ ನೀರಿನೊಳಗಿದ್ದೇ ತನ್ನ ಭಾರಕ್ಕೆ ನೀರನ್ನು ಮೇಲಕ್ಕೆ ಹಿಂಡುತ್ತದೆ. ಇಲ್ಲಿ ಪದರದ ಮೇಲೆ ಪದರ ಕೂತು ಹಿಂಡಿದೆ."

"ಎಲ್ಲಿ ಓದಿದಿರಿ?"

"ನಮ್ಮವ್ವ ಹೇಳಿದ್ದು ಸರ್."

ಈ ಸಲ ಯಾರೂ ನಗಲಿಲ್ಲ. ಇದು ಒಂದು ಕಾರಣ, ಪೂರ್ತಿ ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಹೇಳಿ ಮೇಷ್ಟ್ರು ಪ್ರಾಜೆಕ್ಟಿನ ಪಟ್ಟಿಗೆ ನನ್ನ ಹೆಸರು ಸೇರಿಸಿಕೊಂಡರು.

ರಜೆಗೆ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಬಂದವಳೇ ಅವ್ವನಿಗೆ ಎಲ್ಲ ಹೇಳಿದೆ. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. "ಆ ಕಲ್ಲು ಸೋರತೈತೇನು?" ಎಂದು ಕೇಳಿದಳು.

ಗೊತ್ತಿಲ್ಲವೆಂದೆ. ವಾಪಸು ಹೋಗಿ ಆ ಮಾತನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಳಗಿರುವ ಕಚ್ಚಾ ಎಣ್ಣೆಯನ್ನು ಆ ಕಲ್ಲು ಹಿಡಿದಿಡುತ್ತದೋ ಸೋರಿಬಿಡುತ್ತದೋ ಎಂಬುದೇ ತಿಳಿಯಬೇಕಾದ ದೊಡ್ಡ ವಿಷಯ ಎಂದರು. ನನ್ನ ಪ್ರಾಜೆಕ್ಟಿನ ಮೊದಲ ಹಾಳೆಯಲ್ಲಿ ಅವ್ವನ ಪ್ರಶ್ನೆಯನ್ನೇ ಬರೆಸಿದರು.