ವಿಭೂತಿ ಹಚ್ಚಿಸಿಕೊಂಡ ಸ್ಯಾಂಪಲ್‌ಗಳು

ಮೊನ್ನೆ ಇಚಲಕರಂಜಿಯ ಅಂಗಡಿಯಲ್ಲಿ ಮಾಂಜರಪಾಟ ಎಂಬ ಒರಟು ಹತ್ತಿ ಬಟ್ಟೆಯ ಥಾನು ಬಿಚ್ಚಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಜಿಯಾಲಜಿ ಸರ್ ನೆನಪಾದರು... ಅಂಥದೇ ಬಟ್ಟೆಯ ಚೀಲಗಳಲ್ಲಿ ಅವರು ಕಲ್ಲು ತುಂಬಿಕೊಂಡು ಬರುತ್ತಿದ್ದರು.

ಕೊಲ್ಹಾಪುರದ ಕಾಲೇಜಿನಲ್ಲಿ ನಾನು ಅವರ ಅಸಿಸ್ಟೆಂಟ್. ಕಾನ್ವೆಂಟಿನ ಇಂಗ್ಲಿಷ್ ನನ್ನದು, ಗಡಿಯ ನೂಲ ಎಂಬ ಹಳ್ಳಿಯ ಕನ್ನಡ ಅವರದು. ಹಳೆಯ ಸಮುದ್ರದ ತಳ ಸರಿಯುತ್ತ ಬಂದು, ತನ್ನ ಕೆಸರನ್ನು ನೆಲದಂಚಿಗೆ ಒತ್ತಿ ಒತ್ತಿ ಕೂಡಿಸಿದ ಎರಡು ರಾಶಿಗಳು ಕಲ್ಲಾಗಿ, ಕರ್ನಾಟಕದ ಕಡೆಯ ಒಂದು ಹಳ್ಳದ ಎರಡು ದಂಡೆಗಳಲ್ಲಿ ಎದುರುಬದುರು ನಿಂತಿದ್ದವು. ನಡುವೆ ಒಂದು ಫಾಲ್ಟ್, ಅಂದರೆ ನೆಲ ಸೀಳಿ ಜರುಗಿದ ಗೆರೆ. ಎರಡೂ ಒಂದೇ ಕಾಲದವೋ, ಬೇರೆ ಬೇರೆಯೋ? ಸರ್ ಅವರ ಪಿಎಚ್‌ಡಿ ನಿಂತಿದ್ದೇ ಈ ಪ್ರಶ್ನೆಯ ಮೇಲೆ. ಕಲ್ಲಿನ ವಯಸ್ಸು ಹೇಳುವ ದೂರದ ಲ್ಯಾಬ್ ಬಹಳ ಕಾಯಿಸಿ ನಮಗೊಂದು ಸರದಿ ಕೊಟ್ಟಿತ್ತು.

ಕಳಿಸುವ ಮುನ್ನ ಚೀಲಗಳು ನೂಲದ ಅವರ ಮನೆಯಲ್ಲಿದ್ದವು. ಖಂಡೇನವಮಿಯ ದಿನ, ಆಯುಧಪೂಜೆಗೆಂದು, ಸರ್ ಜೊತೆ ನಾನೂ ಹೋದೆ. ಅವರ ಅವ್ವ, ಮಗನ ಕಸುಬಿನ ಸಾಮಾನೆಂದು, ಸುತ್ತಿಗೆಯ ಜೊತೆ ಕಲ್ಲುಗಳನ್ನೆಲ್ಲ ಹೊರತೆಗೆದು, ತೊಳೆದು, ವಿಭೂತಿ ಹಚ್ಚಿ, ದೊಡ್ಡವು ಹಿಂದೆ, ಸಣ್ಣವು ಮುಂದೆ ಜೋಡಿಸಿ ಚೆಂಡು ಹೂ ಏರಿಸಿದ್ದರು. ನಂಬರಿನ ಚೀಟಿಗಳೆಲ್ಲ ಒಂದೇ ಬುಟ್ಟಿಯಲ್ಲಿ ಬಿದ್ದಿದ್ದವು. ಯಾವ ಕಲ್ಲು ಯಾವ ದಂಡೆಯದೆಂದು ಹೇಳುವಂತಿರಲಿಲ್ಲ. ಐ ವಾಸ್ ಸೋ ಕ್ರಾಸ್...

"ಒಂದೂ ಬಿಟ್ಟಿಲ್ಲ ನೋಡಪಾ," ಅಂದರು ಅವ್ವ. ಆಮೇಲೆ ನನ್ನ ಮುಖ ನೋಡಿ, "ಏನಾರ ತಪ್ಪಾತೇನು?"

"ಇಲ್ಲಬೇ. ಪೂಜಾ ಭಾಳ ಛಲೋ ಆಗೇತಿ," ಎಂದು ಸರ್ ಕಾಯಿ ಒಡೆದರು.

ಅಂಗಳಕ್ಕೆ ಬಂದಾಗ ನಾನು, "ಅಂದಾಜಿನ ಮ್ಯಾಲೆ ಚೀಟಿ ಹಾಕೂಣ್ರಿ ಸರ್. ಹೂ ವಿಲ್ ನೋ?" ಅಂದೆ.

"ನೋಡಿದ್ರ ತಿಳಿಯೂ ಹಂಗಿದ್ರ, ವಯಸ್ಸು ಕೇಳಾಕ ಅಷ್ಟು ದೂರ ಯಾಕ ಕಳಸ್ತಿದ್ವಿ, ತಂಗಿ?"

ಸರದಿ ಬಿಟ್ಟುಕೊಟ್ಟರು. ಮರುವರ್ಷ ಹೊಸ ಕಲ್ಲು ತರಲು ಹೋದರೆ ಹಳ್ಳಕ್ಕೆ ಒಡ್ಡು ಹಾಕಿದ್ದರು. ಎರಡೂ ದಂಡೆ ನೀರಿನೊಳಗೆ. "ಡಾಕ್ಟರ್ ಯಾವಾಗ ಆಗಾಂವ ನೀ?" ಎಂದು ಅವ್ವ ಕೇಳಿದಾಗಲೆಲ್ಲ ಸರ್, "ಕಲ್ಲು ಇನ್ನೂ ಬಾಯಿ ಬಿಡವಲ್ದು ಬೇ," ಎನ್ನುತ್ತಿದ್ದರು. ನಗುತ್ತಲೇ...

ಅವ್ವ ಹೋಗಿ ಬಹಳ ವರ್ಷಗಳಾದವು. ಈ ಬೇಸಿಗೆಯಲ್ಲಿ ಸರ್ ಕೂಡ ಹೋದರು. ಮನೆಯವರನ್ನು ಮಾತನಾಡಿಸಿ ಬರಲು ಹೋದಾಗ ಅವರ ತಂಗಿ ಕೇಳಿದರು: "ಅಣ್ಣ ಯಾಕ ಪಿಎಚ್‌ಡಿ ಮುಗಸಲಿಲ್ರೀ ಅಕ್ಕಾರ? ಅವ್ವ ಸಾಯೂತನಕ ದಾರಿ ನೋಡಿದ್ಲು."

ಇನ್ನು ನೊಂದುಕೊಳ್ಳಲು ಅವ್ವ ಇರಲಿಲ್ಲ. ಪೂಜೆಯ ದಿನದ ಸಂಗತಿ ಹೇಳಬಹುದಿತ್ತು.

"ಆ ಹಳ್ಳಕ್ಕ ಒಡ್ಡು ಹಾಕಿಬಿಟ್ರು ನೋಡ್ರಿ," ಅಂದೆ.

ಸರ್ ಇದ್ದಿದ್ದರೆ ಇಷ್ಟನ್ನೇ ಹೇಳುತ್ತಿದ್ದರು. ಆ ದಂಡೆಗಳಲ್ಲಿ ಯಾವುದು ಹಿರಿಯದು ಎಂದು ಕೇಳಿಕೊಳ್ಳುವವಳು ಈಗ ನಾನೊಬ್ಬಳೇ.